ವಾರಸುದಾರರಿಲ್ಲದ ಡಬ್ಬಿ

ಎಪ್ಪತ್ನಾಲ್ಕರ ಮೇ. ರೈಲೇ ಇಲ್ಲದ ಅರಸೀಕೆರೆ.
ಮುಷ್ಕರಕ್ಕೆ ಏಳನೆಯ ದಿನ.
ಸಿಳ್ಳೆ ಕೇಳದೆ ನಮ್ಮ ಲೈನಿನ ಹೆಂಗಸರಿಗೆ
ಅನ್ನಕ್ಕೆ ಇಡುವ ಹೊತ್ತು ತಿಳಿಯುತ್ತಿರಲಿಲ್ಲ.
ಲೋಕೋ ಶೆಡ್ಡಿನ ಬೂದಿಗುಂಡಿಯಲ್ಲಿ
ನಾಯಿ ಮರಿ ಹಾಕಿತ್ತು.

ಪಾರ್ಸೆಲ್ ಆಫೀಸಿನ ಕೊಬ್ಬರಿ ಚೀಲಗಳ ನಡುವೆ
ಆರು ತಗಡಿನ ಡಬ್ಬಿ.
ಮೀರಜಿನಿಂದ ಬೆಂಗಳೂರಿಗೆ ಹೊರಟು
ನಮ್ಮಲ್ಲಿ ಕೂತುಬಿಟ್ಟವು.
ಅರಗಿನ ಸೀಲು, ಮೇಲೊಂದು ಲಂಡನ್ನಿನ ಚೀಟಿ.
ಅಪ್ಪ, ಗುಮಾಸ್ತ ಗುರುಸಿದ್ಧಯ್ಯ,
ಮಾವಿನ ಬುಟ್ಟಿ ಕೊಳೆತು ಸೋರಿದರೂ
ರಸೀದಿಯಿಲ್ಲದೆ ಒಂದು ಹಣ್ಣು ಮುಟ್ಟಿದವನಲ್ಲ.
ಮುಷ್ಕರದಲ್ಲಿದ್ದರೂ ಕೀಲಿ ಅವನ ಸೊಂಟದಲ್ಲೇ.
ಅವನ ಕೈಯಲ್ಲೇ ಆ ಸೀಲು ಒಡೆಯಿತು.
ಯಾಕೆ ಅಂತ ಅವ್ವ ಸಾಯೋತನಕ ಕೇಳಿದಳು.
ಅವನು ವೀಳ್ಯ ಮಡಿಸುತ್ತಿದ್ದ.

ರೈಲ್ವೆ ಇನ್‌ಸ್ಟಿಟ್ಯೂಟಿನ ಗೋಡೆಗೆ
ಗಾರ್ಡ್ ಡೆನ್ಜಿಲ್ ರೋಚನ ಹೆಂಡತಿಯ ಬಿಳಿ ಬೆಡ್‌ಶೀಟು.
ಪೊಲೀಸರಿಗೆ ಹೆದರಿ ತೆಂಗಿನ ಸಾಲಲ್ಲಿ ಮಲಗುತ್ತಿದ್ದ ಗಂಡಸರು
ಕತ್ತಲಾದ ಮೇಲೆ ಒಬ್ಬೊಬ್ಬರಾಗಿ ಬಂದರು,
ಅಂಗಿ ತುಂಬ ಉತ್ತರಾಣಿ ಕಡ್ಡಿ.

ನನ್ನ ಜಡೆಗಿಂತ ಉದ್ದ ಕೂದಲಿನ ಹುಡುಗರು.
ಒಬ್ಬ ಹೂವಿನ ಅಂಗಿ ತೊಟ್ಟೇ
ಸ್ನಾನದ ತೊಟ್ಟಿಯಲ್ಲಿ ಕೂತು ಚಹಾ ಕುಡಿಯುತ್ತಾನೆ.
ಒಬ್ಬಳು ಊರಿನ ಗಡಿಯಾರಕ್ಕೆಲ್ಲ ಸುಣ್ಣ ಬಳಿಯುತ್ತಾಳೆ.
ರೀಲಿನ ನಂಬರು ಅಳಿಸಿತ್ತು,
ನಾಲ್ಕನೆಯದು ಮೊದಲು ಓಡಿತೋ ಏನೋ,
ಯಾರಿಗೂ ಗೊತ್ತಾಗಲಿಲ್ಲ.

'ಏನಂತೆ ಇವರ ಬೇಡಿಕೆ?' ಖಲಾಸಿ ಬೋರಲಿಂಗ ಕೇಳಿದ.
ರೋಚ್ ಕಿವಿಗೊಟ್ಟು, ತಲೆ ಕೆರೆದು, ಹೇಳಿದ:
'ಕೆಲಸ ಬೇಡವಂತೆ.'
'ಎಂಟು ಗಂಟೆಯದ್ದೂ ಬೇಡವಾ?'
'ಒಂದು ಗಂಟೆಯದ್ದೂ.'
ಕೋಣೆಗೆ ಕೋಣೆಯೇ ನಕ್ಕಿತು, ಏಳು ದಿನದಲ್ಲಿ ಮೊದಲ ಸಲ.
ಆ ನಗೆಯಲ್ಲಿ ಯಾರೋ ಬಿಕ್ಕಿದರು,
ಬೀಡಿ ನೆತ್ತಿಗೇರಿದ ಹಾಗೆ ಕೆಮ್ಮಿದರು.

ಆಮೇಲೆ ಗಿಟಾರು.
ಅದುವರೆಗೆ ನನಗೆ ತಂತಿಯೆಂದರೆ ಸಿಗ್ನಲ್ಲಿನ ತಂತಿ,
ಕ್ಯಾಬಿನ್ನಿನಲ್ಲಿ ಲಿವರ್ ಎಳೆದರೆ
ಜಲ್ಲಿಕಲ್ಲಿನ ಮೇಲೆ ಝುಂ ಎಂದು ಹರಿದು ಹೋಗುವುದು.
ಇದೂ ಅದೇ ದನಿ,
ಆದರೆ ಯಾವ ಗಾಡಿಯನ್ನೂ ಕರೆಯದ್ದು,
ಯಾವ ಗಾಡಿಯನ್ನೂ ತಡೆಯದ್ದು.
ಹನ್ನೊಂದು ವರ್ಷದ ನನ್ನ ಎದೆಗೂಡಿನಲ್ಲಿ
ಯಾರೋ ನೀರಿಲ್ಲದ ಕೊಡ ಉರುಳಿಸುತ್ತಿದ್ದರು.

ಕಡೆಗೆ ಅವನು ಗಿಟಾರನ್ನೆತ್ತಿ
ನೆಲಕ್ಕೆ ಅಪ್ಪಳಿಸಿದ. ಇನ್ನೊಮ್ಮೆ. ಮತ್ತೊಮ್ಮೆ ಎತ್ತಿದ.
ಫಿಟ್ಟರ್ ದಸ್ತಗೀರ್ ಸಾಬರು ಎದ್ದು ನಿಂತರು:
'ಏ ಹುಚ್ಚಾ! ಸಾಮಾನು ಏನು ಮಾಡಿತ್ತೋ ನಿನಗೆ?'
ಮೂವತ್ತು ವರ್ಷ ಸ್ಪಾನರು ಹಿಡಿದ ಕೈ
ಅದನ್ನು ತಡೆಯಲು ತಾನೇ ಚಾಚಿಕೊಂಡಿತು,
ಬೆಡ್‌ಶೀಟಿನ ತುಂಬ ಅದರ ನೆರಳು.
ಅಷ್ಟರಲ್ಲಿ ಫಿಲ್ಮು ತುಂಡಾಯಿತು.
ರೋಚ್ ಕತ್ತರಿಯಾಡಿಸಿ ಅಂಟಿಸುವಾಗ
ನೆಲಕ್ಕೆ ಬಿದ್ದ ಚೂರು ನನ್ನ ಮುಷ್ಟಿಗೆ ಬಂತು.
ಆಮೇಲಿನದನ್ನು ನೋಡಲಾಗಲಿಲ್ಲ.
ಹೊರಗೆ ಜೀಪು. ಕಿಟಕಿಗಳೆಲ್ಲ ಬಾಗಿಲಾದವು.

ಇಪ್ಪತ್ತನೆಯ ದಿನ ಸಿಳ್ಳೆ ಕೇಳಿತು.
ಹೆಂಗಸರು ಅನ್ನಕ್ಕಿಟ್ಟರು.
ಸಾಬರನ್ನು ಕೆಲಸದಿಂದ ತೆಗೆದರು, ಕ್ವಾರ್ಟರ್ಸಿಗೆ ಬೀಗ ಬಿತ್ತು,
ಬಾಣಾವರದಲ್ಲಿ ಸೈಕಲ್ ಅಂಗಡಿ ಇಟ್ಟರಂತೆ.
ಒಮ್ಮೆ ಹುಡುಕಿಕೊಂಡು ಹೋಗಿ ಚೂರು ತೋರಿಸಿದೆ:
ಉಗುರಿನಗಲದ ಮೂರು ಚಿತ್ರ,
ಮೂರರಲ್ಲೂ ಗಿಟಾರು ತಲೆಯ ಮೇಲೇ ಇದೆ.
ಬೆಳಕಿಗೆ ಹಿಡಿದು, ಕನ್ನಡಕ ಒರೆಸಿ, ಮತ್ತೆ ಹಿಡಿದರು.
'ಕತ್ತು ಬಿರುಕು ಬಿಟ್ಟಿದೆ, ಅಷ್ಟೇ.
ಒಂದು ಪಟ್ಟಿ, ಎರಡು ಬೋಲ್ಟು.'

ಅಪ್ಪ ಹೋದ ಮೇಲೆ ಅವನ ಟ್ರಂಕಿನಲ್ಲಿ ಒಂದು ಮೆಮೋ.
ಮುಷ್ಕರದ ಮಾತೇ ಇಲ್ಲ;
ಸೀಲು ಒಡೆದದ್ದಕ್ಕೆ ಕಾರಣ ಕೇಳಿದ್ದಾರೆ.
ಕೆಳಗೆ ಅವನ ಉತ್ತರದ ಪ್ರತಿ,
ಎಂದಿನ ದುಂಡು ಅಕ್ಷರ, ಒಂದೇ ಸಾಲು:
'ಡಬ್ಬಿಯ ಒಳಗಿನಿಂದ ಸದ್ದು ಕೇಳಿಬಂದ ಕಾರಣ ತೆರೆಯಲಾಯಿತು.'